ರೈತರಿಗೆ ಟ್ರೈನಿಂಗ್ ಕೊಡೋ ಮುಂಚೆ ಹುಣಸೆ ಬೀಜ ಜೇಬಲ್ಲಿಟ್ಕೊಳ್ಳಿ

ಶನಿವಾರ ಬಂದ್ರೆ ಬೆಂಗಳೂರಿಂದ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ರೈತರಿಗೆ ತರಬೇತಿ ಕೊಡೋಕೆ ಅಂತ ಹೊರಡೋ ಟೀಮ್‌ಗಳು ಈಗ ಬೇಕಾದಷ್ಟಿವೆ. ನಾನೂ ಒಂದ್ಸಲ ಹೋಗಿದ್ದೆ, ಅಣಬೆ ಬೇಸಾಯದ ಬಗ್ಗೆ ಪ್ರೊಜೆಕ್ಟರ್ ಹಾಕಿ ಎರಡು ಗಂಟೆ ಪಾಠ, ಜನ ಸುಮ್ನೆ ಕೂತು ಕೇಳಿ ಚಿತ್ರಾನ್ನ ತಿಂದು ಎದ್ರು, ಹೋಗ್ತಾ ಒಬ್ರು ಅಜ್ಜ "ಸ್ವಾಮಿ, ನಮ್ಮ ಹಸೀಗೆ ಕೆಚ್ಚಲು ಬಾವು ಬಂದೈತೆ, ಅದ್ಕೇನಾದ್ರೂ ಹೇಳ್ತೀರಾ" ಅಂದ್ರು. ನಮ್ಮತ್ರ ಉತ್ತರ ಇರ್ಲಿಲ್ಲ.

ಹಾಗಾಗಿ ಮೊದಲನೇ ಮಾತು, "ನಿಮಗೆ ಯಾವ ಟ್ರೈನಿಂಗ್ ಬೇಕು" ಅಂತ ಕೇಳ್ಲೇಬೇಡಿ. ನಿಮ್ಮ ಬ್ಯಾನರ್‌ನಲ್ಲಿ ಏನಿದ್ಯೋ ಅದನ್ನೇ ಓದಿ ಹೇಳ್ತಾರೆ, ಪಾಪ ಮರ್ಯಾದೆಗೆ. ಅದರ ಬದಲು "ಹೋದ ವರ್ಷ ಎಲ್ಲಿ ಕೈ ಸುಟ್ಕೊಂಡ್ರಿ" ಅಂತ ಕೇಳಿ, ಮಾತು ತಾನಾಗೇ ಬರತ್ತೆ.

ಎಲ್ಲಿ ಕೇಳೋದು? ಬೆಳಗ್ಗೆ ಹಾಲು ಹಾಕೋ ಹೊತ್ತಿಗೆ ಊರಿನ ಡೇರಿ ಮುಂದೆ ನಿಂತ್ಕೊಳ್ಳಿ. ಪಂಚಾಯ್ತಿ ಆಫೀಸಲ್ಲಿ ಮೀಟಿಂಗ್ ಕರೆದ್ರೆ ನಾಲ್ಕು ಜನ ಮುಖಂಡರೇ ಮಾತಾಡ್ತಾರೆ. ಬೋರ್‌ವೆಲ್ ಇರೋರು, ಮಳೆ ನಂಬ್ಕೊಂಡೋರು, ಗುತ್ತಿಗೆಗೆ ಮಾಡೋರು, ಎಲ್ರೂ ಸೇರೋ ಹಾಗೆ 25-30 ಮನೆ ಮಾತಾಡಿಸಿದ್ರೆ ಒಂದು ಸಣ್ಣ ಊರಿಗೆ ಸಾಕು. ಹೆಂಗಸರನ್ನ ಮಾತ್ರ ಬೇರೆ ಕೂರಿಸಿ ಕೇಳಿ. ಆ ಕೆಚ್ಚಲು ಬಾವಿನ ವಿಷ್ಯನೇ ತಗೊಳ್ಳಿ, ಹಾಲು ಕರೆದ ಮೇಲೆ ಮೊಲೆತೊಟ್ಟಿನ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರತ್ತೆ, ಹಸು ಆಗ್ಲೇ ಸಗಣಿ ಮೇಲೆ ಮಲಗಿದ್ರೆ ರೋಗಾಣು ಒಳಗೆ ಹೋಗತ್ತೆ, ಅದಕ್ಕೇ ಕರೆದ ತಕ್ಷಣ ಮೇವು ಹಾಕಿ ನಿಲ್ಲಿಸ್ಬೇಕು, ತೊಟ್ಟನ್ನ ಔಷಧಿ ನೀರಲ್ಲಿ ಅದ್ದಬೇಕು. ಇದನ್ನ ಮಾಡೋ ಕೈ ಬಹಳ ಮನೆಗಳಲ್ಲಿ ಹೆಂಗಸರದ್ದು. ಆದ್ರೆ ತರಬೇತಿಗೆ ಕರೆಯೋದು ಪಹಣಿಯಲ್ಲಿ ಹೆಸರಿರೋ ಗಂಡಸರನ್ನ!

ಸಮಸ್ಯೆ ಪಟ್ಟಿ ಆದ್ಮೇಲೆ ಜರಡಿ ಹಿಡೀಬೇಕು. ಗೊತ್ತಿಲ್ಲದೇ ಆಗ್ತಿರೋದು ಒಂದು. ಗೊತ್ತಿದ್ರೂ ಕೈಗೆ ಪಳಗದೇ ಇರೋದು ಇನ್ನೊಂದು, ಸಬ್ಸಿಡಿಯಲ್ಲಿ ಡ್ರಿಪ್ ಹಾಕಿಸಿ ಗೊಬ್ಬರ ಮಾತ್ರ ಇನ್ನೂ ಕೈಯಲ್ಲೇ ಎರಚೋದು ಈ ಥರದ್ದು. ಮೂರನೇದು ಗೊತ್ತು, ಮಾಡೋಕೂ ಬರತ್ತೆ, ಆದ್ರೆ ಆಳಿಲ್ಲ, ನೀರಿಲ್ಲ, ದುಡ್ಡಿಲ್ಲ. ರಾಗಿ ಎರಚೋದಕ್ಕಿಂತ ಸಾಲಲ್ಲಿ ಬಿತ್ತಿದ್ರೆ ಒಳ್ಳೇದು ಅಂತ ಗೊತ್ತಿಲ್ಲದ ರೈತರನ್ನ ನಾನಂತೂ ನೋಡಿಲ್ಲ. ಈ ಮೂರನೇದಕ್ಕೆ ಟ್ರೈನಿಂಗ್ ಕೊಡೋದು ಹಸಿದವರಿಗೆ ಅಡುಗೆ ಪುಸ್ತಕ ಕೊಟ್ಟ ಹಾಗೆ, ಪಟ್ಟಿಯಿಂದ ತೆಗೆದುಬಿಡಿ.

ಉಳಿದಿದ್ದಕ್ಕೆ ಹುಣಸೆ ಬೀಜ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಒಂದೊಂದು ಕೆಲಸಕ್ಕೂ "ಇದು ಎಷ್ಟು ಮುಖ್ಯ" ಅಂತ 5ರೊಳಗೆ ಬೀಜ ಇಡಿಸಿ, ಆಮೇಲೆ "ಈಗ ಎಷ್ಟು ಚೆನ್ನಾಗಿ ಮಾಡ್ತೀವಿ" ಅಂತ ಮತ್ತೆ 5ರೊಳಗೆ. ಎರಡರ ವ್ಯತ್ಯಾಸನ ಮುಖ್ಯದ ಅಂಕಿಯಿಂದ ಗುಣಿಸಿ. ಡ್ರಿಪ್ಪಲ್ಲಿ ಗೊಬ್ಬರ ಕೊಡೋದಕ್ಕೆ 5 ಮತ್ತು 2 ಬಂದ್ರೆ 15 ಆಯ್ತು, ಎರೆಗೊಬ್ಬರಕ್ಕೆ 3 ಮತ್ತು 1 ಬಂದ್ರೆ 6, ರಾಗಿ ಸಸಿ ಮಡಿಗೆ 4 ಮತ್ತು 4 ಬಂದ್ರೆ ಸೊನ್ನೆ. ಎಲ್ಲಿಂದ ಶುರು ಮಾಡ್ಬೇಕು ಅಂತ ಅಲ್ಲೇ ಕೂತಿರೋರಿಗೂ ಕಾಣತ್ತೆ, ಎಕ್ಸೆಲ್ ಶೀಟ್ ಏನೂ ಬೇಡ.

ಪಟ್ಟಿನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದ್ಸಲ ತೋರಿಸಿ, ಜನ ಅಲ್ಲಿಗೆ ಏನು ಕೇಳ್ಕೊಂಡು ಬರ್ತಾರೆ ಅನ್ನೋದು ಅವರಿಗೆ ಗೊತ್ತಿರತ್ತೆ. ಕಲಿಸೋರು ಬೇಕಾದ್ರೆ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆ ಇದೆ, ತೋಟದ ಬೆಳೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ.

ದಿನ ಗೊತ್ತು ಮಾಡೋವಾಗ ಕೊಯ್ಲಿನ ನವೆಂಬರ್-ಡಿಸೆಂಬರ್ ಬಿಟ್ಟುಬಿಡಿ, ಹೊತ್ತು ಬೆಳಗ್ಗೆ ಸಂಜೆ ಹಾಲು ಕರೆಯೋ ಟೈಮಿನ ಮಧ್ಯೆ ಇರ್ಲಿ. ಒಂದು ಬೆಳೆ ಕಳೆದ ಮೇಲೆ ಅದೇ ಊರಿಗೆ ಹೋಗಿ, ಅದೇ ಜನರ ಕೈಯಲ್ಲಿ ಮತ್ತೆ ಬೀಜ ಇಡಿಸಿ ನೋಡಿ, ಎರಡಿದ್ದಿದ್ದು ಮೂರಾದ್ರೂ ಆಗಿದ್ಯಾ ಅಂತ.