ಅಲಗಿನ ವಯಸ್ಸೇ ಬೇರೆ, ಹಿಡಿ ವಯಸ್ಸೇ ಬೇರೆ: ಚೀನಿ ಕತ್ತಿ ಜೊತೆ ನನ್ನ ಅನುಭವ

ಇಂಗ್ಲೆಂಡಲ್ಲಿ ಒಂದು ಸಣ್ಣ ಊರಿನ ಹರಾಜಲ್ಲಿ ಹಳೇ ಚೀನಿ ಕತ್ತಿ ತಗೊಂಡೆ, ಚೀಟೀಲಿ "ಬಾಕ್ಸರ್ ದಂಗೆ, 1900" ಅಂತ ಬರ್ದಿತ್ತು, ಅಂದ್ರೆ ಚೀನಾದಲ್ಲಿ ವಿದೇಶಿಯರ ವಿರುದ್ಧ ನಡೆದ ದಂಗೆ. ಚೀನಾದಿಂದ ಬಂದ ಯಾವ ಕತ್ತಿ ಆದ್ರೂ ಇದೇ ಚೀಟಿ ಅಂಟಿಸಿಬಿಡ್ತಾರೆ. 1860ರಲ್ಲೇ ಬ್ರಿಟಿಷ್ ಸೈನ್ಯ ಬೀಜಿಂಗ್‌ವರೆಗೂ ಹೋಗಿತ್ತು, ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸೂ (ಸೇನೆಯ ಇಂಜಿನಿಯರ್ ಪಡೆ) ಅದ್ರಲ್ಲಿದ್ರು, ಹಾಗಾಗಿ ಕತ್ತಿ ಆಗ್ಲೂ ಬಂದಿರಬಹುದಲ್ವಾ?

ಅಲಗು ಲಿಯೂಯೆದಾವ್, ಅಂದ್ರೆ ವಿಲೋ ಎಲೆ ಥರ ಉದ್ದಕ್ಕೂ ಮೆಲ್ಲಗೆ ಬಾಗಿರೋದು. ಚಿಂಗ್ ರಾಜವಂಶದ ಕಾಲದ ಕೊನೇಲಿ ಜಾಸ್ತಿ ಕಾಣೋ ನಿಯೂವೈದಾವ್, ಎತ್ತಿನ ಬಾಲದ್ದು, ತುದಿ ಹತ್ರ ಅಗಲ ಆಗುತ್ತೆ, ಇದು ಹಂಗಿರ್ಲಿಲ್ಲ.

ಆಮೇಲೆ ಫಿಟ್ಟಿಂಗ್ಸ್ ಕಡೆ ಬಂದೆ. ಇದ್ರಲ್ಲಿ ಮುಖ್ಯವಾಗಿ ಎರಡು ಥರ, ಮೂಲೆಗಳಿರೋ ಫಾಂಗ್‌ಶಿ, ದುಂಡಗಿರೋ ಯುವಾನ್‌ಶಿ. ಗಾರ್ಡು (ಅಲಗು, ಹಿಡಿ ನಡುವೆ ಕೈ ಕಾಪಾಡೋ ತಟ್ಟೆ), ಹಿಡಿ ತುದಿ ಟೋಪಿ, ಒರೆ ಪಟ್ಟಿ ಎಲ್ಲಾ ಸೆಟ್ಟಾಗಿ ಮಾಡ್ತಿದ್ರು. ನಂದ್ರಲ್ಲಿ ಒರೆ ಇಲ್ಲ, ಗಾರ್ಡು ಮೂಲೆಗಳಿರೋದು, ಮ್ಯಾಗ್ನೆಟ್ ಹಿಡೀತು, ಕಬ್ಬಿಣ. ಟೋಪಿ ಮಾತ್ರ ದುಂಡಗಿನ ಹಿತ್ತಾಳೆ. ಜೋಡಿ ಅಲ್ಲ ಅಂತ ಅಲ್ಲೇ ಗೊತ್ತಾಯ್ತು, ಆದ್ರೆ ಯಾವುದು ಮೂಲದ್ದು?

ಹಿಡೀಲಿ ದಾರ ಕಟ್ಟೋಕೆ ಅಡ್ಡ ತೂತು ಇರುತ್ತೆ, ಅದು ಮರಾನೂ ಒಳಗಿರೋ ಅಲಗಿನ ಬಾಲಾನೂ ದಾಟಿ ಆಚೆ ಬರಬೇಕು. ಟಾರ್ಚ್ ಬಿಟ್ಟೆ, ಬೆಳಕು ಬರ್ಲಿಲ್ಲ, ಹಲ್ಲುಕಡ್ಡಿ ತೂರಿಸಿದ್ರೆ ಸ್ವಲ್ಪ ಹೋಗಿ ಟಕ್ ಅಂತ ನಿಂತ್ಕೊಳ್ತು. ಒಳಗೆ ಕಬ್ಬಿಣ! ಅಂದ್ರೆ ಮರ ಆಮೇಲೆ ಹಾಕಿದ್ದು, ತೂತು ಸುಮ್ನೆ ತೋರಿಕೆಗೆ. ಟೋಪಿ ಮೇಲೆ ಬಾಲದ ತುದೀನ ಬಡಿದು ಚಪ್ಪಟೆ ಮಾಡಿರ್ತಾರಲ್ಲ, ಅಲ್ಲಿ ಸುತ್ತಿಗೆ ಗುರುತು ಇನ್ನೂ ಹೊಳೀತಿತ್ತು, ಸುತ್ತ ಸಂದೀಲಿ ಬೂದು ಬಣ್ಣದ ಸೀಸದ ಬೆಸುಗೆ, ಅಂದ್ರೆ ಟೋಪೀನೂ ಆಮೇಲೆ ಕೂರಿಸಿದ್ದು.

ಗಾರ್ಡ್ ಕಥೆ ಬೇರೇನೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್ ಇಟ್ಟು ನೋಡಿದೆ, ಅಲಗು ಹೋಗೋ ಸೀಳು ಅಲಗಿಗೆ ಅಳತೆ ಮಾಡಿ ಕೊರೆದ ಹಾಗಿದೆ, ಎಲ್ಲೂ ಅರ ಹಾಕಿ ದೊಡ್ಡದು ಮಾಡಿಲ್ಲ. ಅಲಗು, ಗಾರ್ಡು ಎರಡರ ಮೇಲೂ ಒಂದೇ ಕಂದು ತುಕ್ಕು, ಗಾರ್ಡಿನ ಕೆತ್ತನೆ ಸಂದೀಲಿ ಕೂದಲೆಳೆಯಷ್ಟು ಚಿನ್ನ ಇನ್ನೂ ಉಳ್ಕೊಂಡಿತ್ತು, ಅದನ್ನ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಬಿಟ್ಟೆ. ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದ್ರೆ ಮೊದಲು ಹೋಗೋದು ಇದೇ, ದಯವಿಟ್ಟು ಉಜ್ಜಬೇಡಿ.

ಬರೀ ಕೆತ್ತನೆ ನೋಡಿ ಕಾಲ ಹೇಳೋಕಾಗಲ್ಲ, ಒಂದೇ ಡಿಸೈನು ತುಂಬಾ ವರ್ಷ ನಡೀತಿತ್ತು. ಅಲಗಿನ ಆಕಾರ, ಕಬ್ಬಿಣದ ಗಾರ್ಡು, ಚಿನ್ನದ ಕೆಲಸ ಮೂರೂ ಸೇರಿಸಿ ನಾನು 18ನೇ ಶತಮಾನ ಅಂತೀನಿ, ಹಿಡಿ, ಟೋಪಿ ತುಂಬಾ ಈಚೀನವು. ಟೋಪಿ ಬಿಚ್ಚಿ ಕಬ್ಬಿಣದ್ದು ಮಾಡಿಸು ಅಂದ್ರು ಪರಿಚಯದವರೊಬ್ರು, ಬೇಡ ಅಂದೆ. ಹಳೇ ಚೀಟಿ ಹಾಗೇ ಬಿಟ್ಟು ಪಕ್ಕದಲ್ಲಿ ನಂದೊಂದು ಚೀಟಿ ಕಟ್ಟಿದೀನಿ, ಯಾವ್ಯಾವ ಭಾಗ ಯಾವಾಗಿಂದು ಅಂತ.