ಈ ವರ್ಷ ನಿಮಗೆ ಇಷ್ಟವಾದ ಸಿನಿಮಾಗಳ ಪಟ್ಟಿ ಮಾಡುವುದು ಹೇಗೆ

ಡಿಸೆಂಬರ್ ಬಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಈ ವರ್ಷ ಯಾವ ಸಿನಿಮಾ ಇಷ್ಟ ಆಯ್ತು ಅಂತ. ಕೇಳಿದ ತಕ್ಷಣ ತಲೆ ಖಾಲಿ. ವರ್ಷಕ್ಕೆ ಮೂವತ್ತೋ ನಲವತ್ತೋ ಸಿನಿಮಾ ನೋಡಿರುತ್ತೇವೆ, ಬಾಯಿಗೆ ಬರುವುದು ಮಾತ್ರ ಹೋದ ತಿಂಗಳು ನೋಡಿದ ಎರಡು. ಅದರ ಜೊತೆಗೆ ಎಲ್ಲರೂ ಹೊಗಳುತ್ತಿರುವ ಒಂದು. ಅದು ನಮಗೆ ಅಷ್ಟೇನೂ ಹಿಡಿಸಿರುವುದಿಲ್ಲ, ಆದರೂ ಹೇಳಿಬಿಡುತ್ತೇವೆ.

ನಾನು ವಿಮರ್ಶಕನಲ್ಲ. ಬಿಡುವಾದಾಗ ಹೋಗಿ ಕೂರುವವನು, ಬೇಜಾರಾದರೆ ಅರ್ಧಕ್ಕೇ ನಿದ್ದೆ ಹೊಡೆಯುವವನು. ಆದರೂ ಆರು ವರ್ಷದಿಂದ ವರ್ಷದ ಕೊನೆಗೆ ಒಂದು ಪಟ್ಟಿ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷದ್ದನ್ನು ಈಗ ಓದಿದರೆ ನಾಚಿಕೆ ಆಗುತ್ತದೆ. ಅದರಲ್ಲಿ ನಾನೇ ಇಲ್ಲ. ಆ ವರ್ಷ ಯಾರ್ಯಾರು ಏನೇನು ಹೊಗಳಿದರೋ ಅದನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ಬರೆದಿಟ್ಟಿದ್ದೇನೆ. ಆಮೇಲಿನ ನಾಲ್ಕು ಪರವಾಗಿಲ್ಲ. ನಡುವೆ ಏನು ಬದಲಾಯಿಸಿಕೊಂಡೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಮೊದಲ ಕೆಲಸ, ಏನೇನು ನೋಡಿದ್ದೀರಿ ಅಂತ ಪತ್ತೆ ಹಚ್ಚುವುದು. ನೆನಪನ್ನು ನಂಬಬೇಡಿ. ಟಿಕೆಟ್ ಬುಕ್ ಮಾಡಿದ ಮೆಸೇಜುಗಳು ಫೋನಿನಲ್ಲಿ ಹಾಗೇ ಬಿದ್ದಿರುತ್ತವೆ, ಅವನ್ನು ಜನವರಿಯಿಂದ ನೋಡುತ್ತಾ ಬನ್ನಿ. ನೆಟ್‌ಫ್ಲಿಕ್ಸ್‌ನಲ್ಲಿ ನಿಮ್ಮ ಖಾತೆಯೊಳಗೆ ಹೋದರೆ ಏನೇನು ನೋಡಿದ್ದೀರಿ ಅನ್ನುವ ಪೂರ್ತಿ ಲೆಕ್ಕ ತಾರೀಖಿನ ಸಮೇತ ಸಿಗುತ್ತದೆ, ಡೌನ್‌ಲೋಡ್ ಕೂಡ ಮಾಡಿಕೊಳ್ಳಬಹುದು. ಮನೆಯವರೆಲ್ಲ ಒಂದೇ ಪ್ರೊಫೈಲ್ ಬಳಸುತ್ತಿದ್ದರೆ ಮಾತ್ರ ಸ್ವಲ್ಪ ಕಷ್ಟ, ಹನ್ನೊಂದು ಕಾರ್ಟೂನ್ ದಾಟಿದ ಮೇಲೆ ನಿಮ್ಮದೊಂದು ಸಿಗುತ್ತದೆ. ಗೆಳೆಯರ ಜೊತೆಗಿನ ಚಾಟ್ ಇನ್ನೂ ಒಳ್ಳೆಯ ಜಾಗ. ಸುಮ್ನೆ 'ಸಿನಿಮಾ' ಅಂತ ಹುಡುಕಿ ನೋಡಿ. ಯಾವುದು ನೋಡಿದಿರಿ ಅನ್ನುವುದಷ್ಟೇ ಅಲ್ಲ, ನೋಡಿ ಹೊರಗೆ ಬಂದ ಹತ್ತು ನಿಮಿಷದಲ್ಲಿ ಏನಂದಿರಿ ಅನ್ನುವುದೂ ಅಲ್ಲಿರುತ್ತದೆ. ಯಾರನ್ನೂ ಮೆಚ್ಚಿಸಲು ಆಡಿದ ಮಾತಲ್ಲ ಅದು.

ಮುಂದಿನ ವರ್ಷಕ್ಕೆ ಈ ಪತ್ತೇದಾರಿ ಬೇಡ ಅಂದರೆ ನೋಡಿದಾಗಲೇ ಬರೆದಿಡಿ. ಇದಕ್ಕೆಂದೇ ಲೆಟರ್‌ಬಾಕ್ಸ್‌ಡ್ ಅನ್ನುವ ವೆಬ್‌ಸೈಟ್ ಇದೆ, 2011ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶುರುವಾದದ್ದು. ನೋಡಿದ ತಾರೀಖು ಹಾಕಿ ಅರ್ಧ ನಕ್ಷತ್ರದಿಂದ ಐದರವರೆಗೆ ಕೊಡಬಹುದು. ನಾನು ಮಾತ್ರ ಫೋನಿನ ನೋಟ್ಸ್‌ನಲ್ಲೇ ಬರೆಯುತ್ತೇನೆ. ನಕ್ಷತ್ರ ಕಂಡರೆ ಸಾಕು, ನನ್ನ ಕೈ ಬೇರೆಯವರು ಎಷ್ಟು ಕೊಟ್ಟಿದ್ದಾರೆ ಅಂತ ನೋಡಲು ಹೋಗುತ್ತದೆ.

ಏನು ಬರೆಯಬೇಕು ಅನ್ನುವುದನ್ನು ನಾನು ಕಲಿತದ್ದು ಒಂದು ಎಡವಟ್ಟಿನಿಂದ. ಒಂದು ವರ್ಷ ಪಟ್ಟಿ ಮಾಡಲು ನೋಟ್ಸ್ ತೆರೆದರೆ ಮಾರ್ಚ್ ತಿಂಗಳಲ್ಲಿ ಒಂದು ಸಾಲು ಇತ್ತು: 'ಬಾಗಿಲು ಸೀನ್!!!' ಅಷ್ಟೇ. ಮೂರು ಆಶ್ಚರ್ಯಸೂಚಕ ಇದೆ, ಸಿನಿಮಾ ಹೆಸರಿಲ್ಲ. ಮಾರ್ಚ್‌ನಲ್ಲಿ ನೋಡಿದ ನಾಲ್ಕೂ ಸಿನಿಮಾದ ಕಥೆ ನೆನಪು ಮಾಡಿಕೊಂಡೆ, ಎಲ್ಲದರಲ್ಲೂ ಬಾಗಿಲು ಇತ್ತು. ಬಾಗಿಲಿಲ್ಲದ ಸಿನಿಮಾ ಎಲ್ಲಿದೆ ಹೇಳಿ. ಮೂರು ಆಶ್ಚರ್ಯಸೂಚಕದ ಸಿನಿಮಾ ಅಂದರೆ ಪಟ್ಟಿಯಲ್ಲಿ ಇರಲೇಬೇಕಾದದ್ದು, ಆದರೆ ಆ ವರ್ಷ ಅದು ಸೇರಲೇ ಇಲ್ಲ.

ಅಂದಿನಿಂದ ಹೆಸರು, ತಾರೀಖು, ಯಾರ ಜೊತೆ ನೋಡಿದೆ, ಆಮೇಲೆ ಒಂದೇ ಒಂದು ಪೂರ್ತಿ ವಾಕ್ಯ. ವಾಕ್ಯದಲ್ಲಿ ಅಭಿಪ್ರಾಯ ಬೇಡ, ಕಣ್ಣಿಗೆ ಕಂಡದ್ದು ಬೇಕು. 'ನಟನೆ ಸೂಪರ್, ಮ್ಯೂಸಿಕ್ ಚೆನ್ನಾಗಿದೆ' ಅಂತ ಬರೆದರೆ ಆರು ತಿಂಗಳ ನಂತರ ಅದು ಯಾವ ಸಿನಿಮಾಕ್ಕೆ ಬೇಕಾದರೂ ಹೊಂದುತ್ತದೆ. 'ಅಪ್ಪ ಮಗಳಿಗೆ ಫೋನ್ ಮಾಡಿ, ಏನೂ ಮಾತಾಡಲಾಗದೆ ಇಟ್ಟುಬಿಡುತ್ತಾನೆ, ಆಮೇಲೂ ಕ್ಯಾಮೆರಾ ಆ ಫೋನನ್ನೇ ನೋಡುತ್ತಾ ನಿಂತಿರುತ್ತದೆ' ಅಂತ ಬರೆದುಕೊಂಡರೆ ಆ ಮಧ್ಯಾಹ್ನ ಇಡೀ ವಾಪಸ್ ಬರುತ್ತದೆ.

ಇನ್ನು, ಯಾವ ಸಿನಿಮಾ ಯಾವ ವರ್ಷದ್ದು ಅನ್ನುವ ತಲೆನೋವು. ಒಂದು ದೇಶದಲ್ಲಿ ಚಿತ್ರೋತ್ಸವದಲ್ಲಿ ಬಂದು, ಇನ್ನೊಂದು ಕಡೆ ಮುಂದಿನ ವರ್ಷ ಥಿಯೇಟರಿಗೆ ಬಂದು, ನಿಮ್ಮ ಟಿವಿಗೆ ಅದರ ಮುಂದಿನ ವರ್ಷ ಬಂದರೆ ಏನು ಮಾಡುವುದು? ದೊಡ್ಡವರಿಗೂ ಇದು ಬಗೆಹರಿದಿಲ್ಲ. 'ಕಾಸಾಬ್ಲಾಂಕಾ' ನ್ಯೂಯಾರ್ಕ್‌ನಲ್ಲಿ ಮೊದಲು ತೆರೆ ಕಂಡದ್ದು 1942ರ ನವೆಂಬರ್‌ನಲ್ಲಿ, ಆಸ್ಕರ್ ಬಂದದ್ದು 1943ರ ಸಿನಿಮಾ ಅಂತ. ಚಾಪ್ಲಿನ್‌ನ 'ಲೈಮ್‌ಲೈಟ್' ಕಥೆ ಇನ್ನೂ ಮಜಾ. ಸಿನಿಮಾ 1952ರದ್ದು, ಆದರೆ ಆಸ್ಕರ್‌ನವರು ಲೆಕ್ಕಕ್ಕೆ ಹಿಡಿಯುತ್ತಿದ್ದ ಲಾಸ್ ಏಂಜಲೀಸ್‌ನಲ್ಲಿ ಸರಿಯಾಗಿ ಬಿಡುಗಡೆ ಆದದ್ದು 1972ರಲ್ಲಿ, ಹಾಗಾಗಿ ಅದರ ಸಂಗೀತಕ್ಕೆ 1973ರಲ್ಲಿ ಆಸ್ಕರ್ ಸಿಕ್ಕಿತು. ಅಲ್ಲೇ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಅಂದಮೇಲೆ ನಮ್ಮ ಪಟ್ಟಿಯಲ್ಲಿ ಒಂದು ವರ್ಷ ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ನನ್ನ ನಿಯಮ ಸುಲಭ: ನನ್ನಂಥ ಸಾಮಾನ್ಯ ಪ್ರೇಕ್ಷಕನಿಗೆ ಅದು ಮೊದಲ ಸಲ ನೋಡಲು ಸಿಕ್ಕಿದ್ದು ಈ ವರ್ಷವಾದರೆ ಅದು ಈ ವರ್ಷದ ಸಿನಿಮಾ. ಹಳೆಯ ಸಿನಿಮಾವನ್ನು ಈ ವರ್ಷ ಮೊದಲ ಸಲ ನೋಡಿದರೆ ಅದಕ್ಕೆ ಬೇರೆ ಪಟ್ಟಿ. ನೀವು ಬೇರೆ ನಿಯಮ ಮಾಡಿಕೊಳ್ಳಿ, ಆದರೆ ಪಟ್ಟಿ ಶುರು ಮಾಡುವ ಮೊದಲೇ ಮಾಡಿಕೊಳ್ಳಿ. ಇಲ್ಲದಿದ್ದರೆ ಇಷ್ಟವಾದ ಒಂದೊಂದು ಸಿನಿಮಾಕ್ಕೂ ಒಂದೊಂದು ನಿಯಮ ಹುಟ್ಟುತ್ತದೆ.

ಈಗ ನಿಜವಾದ ಕೆಲಸ, ಆರಿಸುವುದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮದು ಮುಗಿಯುವ ತನಕ ಬೇರೆಯವರ ಪಟ್ಟಿ ಓದಬೇಡಿ. ಅಂಕಿ ನೋಡಬೇಡಿ. ಅದರಲ್ಲೂ ವಿಮರ್ಶೆಗಳನ್ನೆಲ್ಲ ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನ ಶೇಕಡಾವಾರನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಅಲ್ಲಿ 95 ಅಂದರೆ ಸಿನಿಮಾಕ್ಕೆ ನೂರಕ್ಕೆ 95 ಅಂಕ ಬಂದಿದೆ ಅಂತಲ್ಲ, ನೂರು ವಿಮರ್ಶಕರಲ್ಲಿ 95 ಜನ 'ಪರವಾಗಿಲ್ಲ, ನೋಡಬಹುದು' ಅಂದಿದ್ದಾರೆ ಅಂತ. ಎಲ್ಲರಿಗೂ ಒಂಚೂರು ಹಿಡಿಸಿದ ಸಿನಿಮಾ ಅಲ್ಲಿ ಮೇಲೆ ಹೋಗುತ್ತದೆ. ಅರ್ಧ ಜನಕ್ಕೆ ಪ್ರಾಣ, ಇನ್ನರ್ಧ ಜನಕ್ಕೆ ತಲೆನೋವು ಅನ್ನಿಸಿದ್ದು ಕೆಳಗೆ ಬೀಳುತ್ತದೆ. ನಿಮ್ಮ ಪಟ್ಟಿಯಲ್ಲಿ ಇರಬೇಕಾದದ್ದು ಈ ಎರಡನೆಯ ಜಾತಿಯದೇ ಜಾಸ್ತಿ, ಅಲ್ವಾ?

ನಾನು ಮಾಡುವುದು ಹೀಗೆ. ನೋಡಿದ ಎಲ್ಲದರ ಹೆಸರು ಒಂದು ಹಾಳೆಯಲ್ಲಿ ಬರೆದು, ನೋಟ್ಸ್ ತೆರೆಯದೆ, ಒಂದೊಂದರ ಮುಂದೆಯೂ ನೆನಪಿಗೆ ಬಂದದ್ದನ್ನು ಬರೆಯುತ್ತೇನೆ. ಏನೂ ಬರದಿದ್ದರೆ ಗೆರೆ ಎಳೆಯುತ್ತೇನೆ. ಇದು ನೋಡಲು ಚಿಕ್ಕ ಪರೀಕ್ಷೆ, ಆದರೆ ಬಹಳ ನಿಷ್ಠುರ. ಒಂದು ಥ್ರಿಲ್ಲರ್‌ಗೆ ಹೊರಗೆ ಬಂದ ದಿನ ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಡಿಸೆಂಬರ್‌ನಲ್ಲಿ ಕೊಲೆ ಮಾಡಿದವನು ಯಾರು ಅಂತಲೇ ನೆನಪಿರಲಿಲ್ಲ, ಕೊಲೆಯಾದವನು ಯಾರು ಅನ್ನುವುದರಲ್ಲೂ ಅನುಮಾನ. ಅದೇ ವರ್ಷ ಆರು ಕೊಟ್ಟು ಗೊಣಗಿಕೊಂಡು ಬಂದಿದ್ದ ಒಂದು ನಿಧಾನದ ಸಿನಿಮಾ, ಅದರಲ್ಲಿ ಒಬ್ಬ ಮುದುಕ ಶೂ ಲೇಸ್ ಕಟ್ಟಲು ಬಗ್ಗಿ, ಆಗದೆ, ಯಾರೂ ನೋಡಿಲ್ಲ ತಾನೇ ಅಂತ ಸುತ್ತ ಕಣ್ಣಾಡಿಸಿ, ಲೇಸನ್ನು ಶೂ ಒಳಗೆ ತುರುಕಿಕೊಂಡು ಹೊರಡುತ್ತಾನೆ. ಅರ್ಧ ನಿಮಿಷವೂ ಇಲ್ಲ ಆ ದೃಶ್ಯ. ಎಂಟು ತಿಂಗಳಾದರೂ ನಾನು ಲೇಸ್ ಕಟ್ಟುವಾಗೆಲ್ಲ ಅವನು ನೆನಪಿಗೆ ಬರುತ್ತಿದ್ದ. ಆ ವರ್ಷದ ನನ್ನ ಮೊದಲನೆಯ ಸಿನಿಮಾ ಅದೇ ಆಯಿತು.

ಹೊರಗೆ ಬಂದ ತಕ್ಷಣದ ಅಂಕಿ ಯಾಕೆ ಮೋಸ ಮಾಡುತ್ತದೆ ಅನ್ನುವುದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರ ಇದೆ. ಡೇನಿಯಲ್ ಕಾನಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನ ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಡಬೇಕು. ಇನ್ನೊಮ್ಮೆ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು, ಆದರೆ ಆ ಕೊನೆಯ ಹೊತ್ತಿನಲ್ಲಿ ನೀರನ್ನು 15 ಡಿಗ್ರಿಗೆ ತರುತ್ತಾರೆ. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಸ್ವಲ್ಪ ಹಿತವಾಗಿತ್ತು, ಅಷ್ಟೇ ಕಾರಣ. ಸಿನಿಮಾದಲ್ಲೂ ಇದೇ ಆಟ. ಎರಡು ಗಂಟೆ ಕೊರೆದು ಕೊನೆಯ ಹತ್ತು ನಿಮಿಷ ಕಣ್ಣಲ್ಲಿ ನೀರು ತರಿಸಿದರೆ ನಾವು 'ಏನ್ ಸಿನಿಮಾ ಗುರು' ಅನ್ನುತ್ತಾ ಹೊರಗೆ ಬರುತ್ತೇವೆ. ಹಾಗಾಗಿ ಕ್ಲೈಮ್ಯಾಕ್ಸ್ ಬಿಟ್ಟು ಬೇರೇನಾದರೂ ನೆನಪಿದೆಯಾ ಅಂತ ಒಮ್ಮೆ ಕೇಳಿಕೊಳ್ಳಿ. ಉಲ್ಟಾನೂ ಆಗುತ್ತದೆ, ಕೊನೆ ಕೆಟ್ಟಿತು ಅಂತ ಒಂದೂ ಮುಕ್ಕಾಲು ಗಂಟೆಯ ಚಂದವನ್ನು ಎಸೆದುಬಿಟ್ಟಿರುತ್ತೇವೆ.

ಗೆರೆ ಬೀಳದೆ ಉಳಿದವು ಹದಿನೈದು ಇವೆ ಅಂದುಕೊಳ್ಳಿ. ಕ್ರಮ ಹಾಕಲು ಎಲ್ಲವನ್ನೂ ಒಟ್ಟಿಗೆ ನೋಡಿದರೆ ತಲೆ ಕೆಡುತ್ತದೆ. ಎರಡೆರಡು ಮಾತ್ರ ಎದುರು ಬದುರು ಇಡಿ. ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಬೇಕಾಗಿಲ್ಲ, ಹತ್ತು ಸಿನಿಮಾಕ್ಕೇ 45 ಜೋಡಿ ಆಗುತ್ತದೆ. ಒಂದನ್ನು ಇಟ್ಟು, ಎರಡನೆಯದನ್ನು ಅದರ ಮೇಲೋ ಕೆಳಗೋ ಇಟ್ಟು, ಮೂರನೆಯದನ್ನು ತಂದು ಅದರ ಜಾಗ ಹುಡುಕುತ್ತಾ ಹೋಗಿ, ಇಸ್ಪೀಟ್ ಎಲೆ ಕೈಯಲ್ಲಿ ಜೋಡಿಸಿಕೊಳ್ಳುವ ಹಾಗೆ. ಕೇಳಿಕೊಳ್ಳುವ ಪ್ರಶ್ನೆ ಮಾತ್ರ ಸರಿಯಾಗಿರಬೇಕು. 'ಇವತ್ತು ರಾತ್ರಿ ಯಾವುದನ್ನು ಮತ್ತೆ ನೋಡುತ್ತೀಯ' ಅಂತ ಮೊದಲು ಕೇಳಿಕೊಳ್ಳುತ್ತಿದ್ದೆ. ಆ ಲೆಕ್ಕದಲ್ಲಿ ಬರೀ ಕಾಮಿಡಿಗಳೇ ಗೆದ್ದವು. ಎದೆ ಹಿಂಡುವ ಸಿನಿಮಾವನ್ನು ಕೆಲಸ ಮುಗಿಸಿ ಬಂದ ರಾತ್ರಿ ಯಾರು ಮತ್ತೆ ಹಾಕುತ್ತಾರೆ? ಈಗ ಕೇಳಿಕೊಳ್ಳುವುದು, ಎರಡರಲ್ಲಿ ಯಾವುದನ್ನು ನೋಡದೆ ಹೋಗಿದ್ದರೆ ಜಾಸ್ತಿ ನಷ್ಟ ಆಗುತ್ತಿತ್ತು ಅಂತ. ಉತ್ತರ ಥಟ್ಟನೆ ಬರುತ್ತದೆ. ಬರದಿದ್ದರೆ ಎರಡೂ ಸಮ, ಸುಮ್ನೆ ಯಾವುದೋ ಒಂದನ್ನು ಮೇಲಿಡಿ.

ಹತ್ತೇ ಇರಬೇಕು ಅಂತೇನಿಲ್ಲ. ಆಸ್ಕರ್‌ನಲ್ಲೇ ಅತ್ಯುತ್ತಮ ಚಿತ್ರದ ಪೈಪೋಟಿಗೆ ಒಂದು ಕಾಲದಲ್ಲಿ ಹತ್ತು ಇದ್ದದ್ದನ್ನು 1944ರ ಸಿನಿಮಾಗಳಿಂದ ಐದು ಮಾಡಿದರು, 2009ರ ಸಿನಿಮಾಗಳಿಗೆ ಮತ್ತೆ ಹತ್ತು ಮಾಡಿದರು. ಏಳೇ ಇಷ್ಟವಾಗಿದ್ದರೆ ಏಳು ಹಾಕಿ. ಜಾಗ ತುಂಬಿಸಲು ಸೇರಿಸಿದ ಮೂರು ಯಾವುದು ಅಂತ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಬರೆಯುವಾಗ ಒಂದೊಂದಕ್ಕೂ ಎರಡು ಮೂರು ಸಾಲು ಸಾಕು. ಕಥೆ ಹೇಳಬೇಡಿ, ಅದು ಎಲ್ಲ ಕಡೆ ಸಿಗುತ್ತದೆ. ನೋಟ್ಸ್‌ನಲ್ಲಿ ಬರೆದಿಟ್ಟ ಆ ಒಂದು ವಾಕ್ಯ ಈಗ ಕೆಲಸಕ್ಕೆ ಬರುತ್ತದೆ, ಗುಟ್ಟು ಬಿಟ್ಟುಕೊಡದಿದ್ದರೆ ಅದನ್ನೇ ಹಾಕಿ. 'ಅದ್ಭುತ', 'ಮಿಸ್ ಮಾಡಲೇಬೇಡಿ' ಎರಡನ್ನೂ ಇಡೀ ಪಟ್ಟಿಯಲ್ಲಿ ಒಂದು ಸಲವೂ ಬಳಸದೆ ಬರೆಯಲು ನೋಡಿ, ಸಖತ್ ಕಷ್ಟ, ಆದರೆ ಆಗ ನಿಜವಾದ ಕಾರಣ ಹೊರಗೆ ಬರುತ್ತದೆ. ಮಸಾಲೆ ಸಿನಿಮಾ ಇಷ್ಟವಾಗಿದ್ದರೆ ಅದಕ್ಕೆ ಕ್ಷಮೆ ಕೇಳಬೇಡಿ. 'ಲಾಜಿಕ್ ಇಲ್ಲ, ಆದರೂ...' ಅಂತ ಶುರುವಾಗುವ ಸಾಲುಗಳನ್ನು ಓದಿ ಓದಿ ಸಾಕಾಗಿದೆ. ಕೊನೆಗೆ, ಈ ವರ್ಷ ನೋಡಬೇಕು ಅಂದುಕೊಂಡು ನೋಡಲಾಗದೇ ಹೋದವು ಇಂಥವು ಅಂತ ಒಂದು ಸಾಲು ಸೇರಿಸಿ. 'ಅದನ್ಯಾಕೆ ಬಿಟ್ಟೆ?' ಅನ್ನುವವರ ಬಾಯಿ ಅರ್ಧಕ್ಕರ್ಧ ಅಲ್ಲೇ ಮುಚ್ಚುತ್ತದೆ.

ಕೆಳಗೆ ತಾರೀಖು ಹಾಕಿ. ಇದು ಮುಖ್ಯ. ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. 1952ರ ಮೊದಲ ಪಟ್ಟಿಯ ಹತ್ತರಲ್ಲಿ 1941ರ 'ಸಿಟಿಜನ್ ಕೇನ್' ಇರಲೇ ಇಲ್ಲ. 1962ರಲ್ಲಿ ಅದೇ ಮೊದಲ ಸ್ಥಾನಕ್ಕೆ ಬಂದು 2002ರ ಪಟ್ಟಿಯವರೆಗೂ ಅಲ್ಲೇ ಕೂತಿತು. ಆಮೇಲೆ 2012ರಲ್ಲಿ ಒಂದು ಸಿನಿಮಾ, 2022ರಲ್ಲಿ ಇನ್ನೊಂದು ಅದನ್ನು ಕೆಳಗಿಳಿಸಿದವು. ಪಂಡಿತರ ಅಭಿಪ್ರಾಯವೇ ಹೀಗೆ ಹೊರಳುತ್ತದೆ, ನಮ್ಮದು ಮುಂದಿನ ಮೇ ತಿಂಗಳಿಗೇ ಹೊರಳುತ್ತದೆ. ಆಗ ಹಳೆಯ ಪಟ್ಟಿಯನ್ನು ತಿದ್ದಲು ಕೈ ತುರಿಸುತ್ತದೆ. ತಿದ್ದಬೇಡಿ. ತಡವಾಗಿ ನೋಡಿ ಇಷ್ಟವಾದದ್ದನ್ನು, ಅಥವಾ ಎರಡನೇ ಸಲ ನೋಡಿ ಬೆಲೆ ಗೊತ್ತಾದದ್ದನ್ನು, ಕೆಳಗೆ ಒಂದು ಗೆರೆ ಎಳೆದು ಹೊಸ ತಾರೀಖಿನ ಜೊತೆ ಬರೆಯಿರಿ. ಎಡವಟ್ಟಾದ ಆ ವರ್ಷದ ನನ್ನ ಪಟ್ಟಿಯಲ್ಲಿ ಗೆರೆಯ ಕೆಳಗೆ ಈಗ ನಾಲ್ಕು ಹೆಸರುಗಳಿವೆ. ಅದರಲ್ಲಿ ಒಂದು ಆ ಬಾಗಿಲಿನ ಸಿನಿಮಾ. ಹೋದ ವರ್ಷ ಒಂದು ರಾತ್ರಿ ಟಿವಿಯಲ್ಲಿ ಅರ್ಧದಿಂದ ಬರುತ್ತಿತ್ತು, ಅವಳು ಬಾಗಿಲ ತನಕ ಹೋಗಿ ಚಿಲಕದ ಮೇಲೆ ಕೈ ಇಟ್ಟು ನಿಂತಳು, ನಾನು ಎದ್ದು ಕೂತೆ.