ಕಷ್ಟ ಕಳೆದ ಮೇಲೆ ಮಕ್ಕಳ ಪುಸ್ತಕ ಬರೆಯಲು ಹೊರಟವರಿಗೆ

ಮನೆಯಲ್ಲಿ ಕಾಯಿಲೆ, ಸಾಲ ಅಂತ ಬಂದು ಹಳೆ ಕೆಲಸ ಬಿಟ್ಟಿದ್ದೀರಾ, ಮಕ್ಕಳಿಗೆ ಕಥೆ ಬರೆಯುವ ಆಸೆ ಇದೆಯಾ? ಮೊದಲು ಬಾಡಿಗೆ, ರೇಷನ್‌ಗೆ ಬೇರೆ ದಾರಿ ಮಾಡಿಕೊಳ್ಳಿ, ಟ್ಯೂಷನ್ ಆದರೂ ಸರಿ. ಪುಸ್ತಕದ ದುಡ್ಡು ತುಂಬಾ ನಿಧಾನ.

ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಈಗಷ್ಟೇ ಓದಲು ಕಲಿಯುವ ಮಕ್ಕಳಿಗಾಗಿ ಇರುವ ಒಂದನೇ ಹಂತದ ಕಥೆಗಳನ್ನು ಜಾಸ್ತಿ ಓದಿ, ಅಲ್ಲಿ ಇಡೀ ಕಥೆ 250 ಪದದೊಳಗೆ ಮುಗಿಯುತ್ತದೆ, ಅದು ಅಂದುಕೊಂಡಷ್ಟು ಸುಲಭ ಅಲ್ಲ. ನೀವೂ ಅಲ್ಲಿ ಬರೆಯಬಹುದು. ಆದರೆ ಅದು ಮುಕ್ತ ಲೈಸೆನ್ಸ್, ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಪ್ರಕಾಶಕರಿಗೆ ಕೊಡಬೇಕೆಂದಿರುವ ಕಥೆಯನ್ನು ಬೇರೆ ಇಟ್ಟುಕೊಳ್ಳಿ.

ನಿಮ್ಮ ಕಷ್ಟವನ್ನೇ ಬರೆಯುವುದಾದರೆ ಮಗುವಿನ ಕಣ್ಣಿಂದ ನೋಡಿ. ಸಾಲದ ಲೆಕ್ಕ ಬೇಡ; ಅಮ್ಮ ಆಸ್ಪತ್ರೆಯಲ್ಲಿದ್ದಾಗ ಜಡೆ ಹಾಕಿದ್ದು ಯಾರು, ಅದನ್ನು ಬರೆಯಿರಿ. ಪಕ್ಕದ ಮನೆ ಮಕ್ಕಳಿಗೆ ಗಟ್ಟಿಯಾಗಿ ಓದಿ, ಆಕಳಿಸಿದ ಕಡೆ ಕತ್ತರಿಸಿ. ದುಡ್ಡು ಕೊಟ್ಟರೆ ಅಚ್ಚು ಹಾಕುತ್ತೇವೆ ಅನ್ನುವವರಿಗೆ ಉಳಿತಾಯ ಸುರಿಯಬೇಡಿ.